ಗೊಂದಲದ ಜೋಡಿಪದಗಳಿಗೆ ಫೌಲರ್: 1926ರ ಬಳಕೆಯ ನಿಘಂಟನ್ನು ಇಂದು ಕೊಳ್ಳಬೇಕೇ?

ಇಂಗ್ಲಿಷಿನಲ್ಲಿ ಬರೆಯಬೇಕಾದವರ ಕೈ ಕೆಲವು ಪದಗಳ ಮುಂದೆ ಬಂದಾಗ ತಡೆಯುತ್ತದೆ. ಅಫೆಕ್ಟ್ ಎನ್ನಬೇಕೋ ಎಫೆಕ್ಟ್ ಎನ್ನಬೇಕೋ, ಮಳೆಗೆ ಕಂಟಿನ್ಯುಅಲ್ ಹೊಂದುತ್ತದೆಯೋ ಕಂಟಿನ್ಯುಅಸ್ ಹೊಂದುತ್ತದೆಯೋ, ಡೆಫಿನಿಟ್ ಎಂದರೆ ಸಾಲುವಲ್ಲಿ ಡೆಫಿನಿಟಿವ್ ಎಂದು ಬರೆದರೆ ತಪ್ಪೇನು ಎಂಬ ಅನುಮಾನಗಳು ಕಚೇರಿಯ ಟಿಪ್ಪಣಿ ಬರೆಯುವವರಿಂದ ಹಿಡಿದು ಸಂಶೋಧನ ಪ್ರಬಂಧ ಬರೆಯುವವರವರೆಗೆ ಎಲ್ಲರಿಗೂ ಬರುತ್ತವೆ. ಸಾಮಾನ್ಯ ನಿಘಂಟು ಇಂಥ ಎರಡು ಪದಗಳ ಅರ್ಥವನ್ನು ತಮ್ಮ ತಮ್ಮ ಸ್ಥಾನದಲ್ಲಿ ಕೊಟ್ಟು ಸುಮ್ಮನಾಗುತ್ತದೆ. ಎರಡನ್ನೂ ಎದುರುಬದುರು ಇಟ್ಟು, ಯಾವುದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ, ಏಕೆ ಸಲ್ಲುವುದಿಲ್ಲ ಎಂದು ವಿವರಿಸುವುದು ಬಳಕೆಯ ನಿಘಂಟಿನ ಕೆಲಸ. ಆ ಜಾತಿಯ ಪುಸ್ತಕಗಳಲ್ಲಿ ಅತ್ಯಂತ ಹೆಸರಾದದ್ದು ಹೆನ್ರಿ ವಾಟ್ಸನ್ ಫೌಲರ್ ಅವರ ‘ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯವು 1926ರಲ್ಲಿ ಪ್ರಕಟಿಸಿದ ಆ ಮೊದಲ ಆವೃತ್ತಿಯನ್ನೇ, ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ ಅವರ ಪ್ರಸ್ತಾವನೆ ಮತ್ತು ಟಿಪ್ಪಣಿಗಳೊಂದಿಗೆ 2009ರಲ್ಲಿ ಮತ್ತೆ ಹೊರತಂದಿದೆ. ಈ ವಿಮರ್ಶೆ ಆ ಮರುಮುದ್ರಣವನ್ನು ಕುರಿತದ್ದು.

ಫೌಲರ್ ಹುಟ್ಟಿದ್ದು 1858ರಲ್ಲಿ. ಇಂಗ್ಲೆಂಡಿನ ಉತ್ತರ ಭಾಗದ ಸೆಡ್‌ಬರ್ ಶಾಲೆಯಲ್ಲಿ ಹದಿನೇಳು ವರ್ಷ ಮೇಷ್ಟರಾಗಿದ್ದರು. ಕ್ರೈಸ್ತ ದೀಕ್ಷಾವಿಧಿಗೆ ಹುಡುಗರನ್ನು ಸಿದ್ಧಗೊಳಿಸುವ ಹೊಣೆ ಹೊರಲು ಅವರ ಮನಸ್ಸು ಒಪ್ಪಲಿಲ್ಲ. ನಂಬದೆ ಬೋಧಿಸುವುದಕ್ಕಿಂತ ಕೆಲಸ ಬಿಡುವುದೇ ಮೇಲೆಂದು 1899ರಲ್ಲಿ ಶಾಲೆಯನ್ನು ತೊರೆದರು. ಆಮೇಲೆ ಗರ್ನ್‌ಸಿ ದ್ವೀಪದಲ್ಲಿದ್ದ ತಮ್ಮ ಫ್ರಾನ್ಸಿಸ್ ಜಾರ್ಜ್ ಬಳಿಗೆ ಹೋಗಿ, ಇಬ್ಬರೂ ಸೇರಿ ಬರವಣಿಗೆಯನ್ನೇ ವೃತ್ತಿಯಾಗಿ ಮಾಡಿಕೊಂಡರು. 1911ರ ಕನ್ಸೈಸ್ ಆಕ್ಸ್‌ಫರ್ಡ್ ನಿಘಂಟು ಈ ಸೋದರರ ಕೃತಿಯೇ. ಬಳಕೆಯ ನಿಘಂಟಿನ ಯೋಜನೆಯೂ ಇಬ್ಬರದು. ಆದರೆ ತಮ್ಮ 1918ರಲ್ಲಿ ಕ್ಷಯದಿಂದ ತೀರಿಕೊಂಡದ್ದರಿಂದ ಬರೆದು ಮುಗಿಸುವ ಭಾರ ಅಣ್ಣನೊಬ್ಬನ ಮೇಲೆ ಬಿತ್ತು. ಪುಸ್ತಕದ ಅರ್ಪಣೆಯಲ್ಲಿ, ತನಗಿಂತ ಹನ್ನೆರಡು ವರ್ಷ ಕಿರಿಯನಾದ ತಮ್ಮನ ಬುದ್ಧಿ ತನ್ನದಕ್ಕಿಂತ ಚುರುಕು, ಮನಸ್ಸು ತನ್ನದಕ್ಕಿಂತ ಮುಕ್ತ ಎಂದು ಫೌಲರ್ ಬರೆದುಕೊಂಡಿದ್ದಾರೆ. ನಿಘಂಟೊಂದರ ಮೊದಲ ಪುಟದಲ್ಲಿ ಇಷ್ಟು ಆರ್ದ್ರವಾದ ಮಾತು ಸಿಗುವುದು ಅಪರೂಪ. ಆ ಪುಟವನ್ನು ಓದಿಯೇ ಮುಂದೆ ಹೋಗಬೇಕೆಂದು ಕೊಳ್ಳುವವರಿಗೆ ಹೇಳಬಯಸುತ್ತೇನೆ, ಏಕೆಂದರೆ ಒಳಗಿನ ಬರವಣಿಗೆಯಲ್ಲಿ ಕೇಳಿಬರುವ ಗಡಸು ದನಿಯ ಹಿಂದೆ ಎಂಥ ಮನುಷ್ಯನಿದ್ದಾನೆ ಎಂಬುದನ್ನು ಅದು ತೋರಿಸುತ್ತದೆ.

ಪುಸ್ತಕದ ರಚನೆ ಅಕಾರಾದಿ. ಬಿಡಿ ಪದಗಳ ನಮೂದುಗಳ ನಡುವೆ ಉದ್ದನೆಯ ಲೇಖನಗಳೂ ಅದೇ ಕ್ರಮದಲ್ಲಿ ಸೇರಿಕೊಂಡಿವೆ. ಅವುಗಳಲ್ಲಿ ‘ಪೇರ್ಸ್ ಅಂಡ್ ಸ್ನೇರ್ಸ್’ ಎಂಬುದೊಂದು. ಒಂದಕ್ಕೊಂದು ಹತ್ತಿರವಾಗಿ ಕಂಡು ಬರೆಯುವವರನ್ನು ಬಲೆಗೆ ಬೀಳಿಸುವ ಪದಗಳನ್ನೆಲ್ಲ ಇಲ್ಲಿ ಒಂದೆಡೆ ಪಟ್ಟಿ ಮಾಡಲಾಗಿದೆ. ಒಂದೊಂದು ಜೋಡಿಯ ವಿವರಣೆ ಅದರದರ ಸ್ಥಾನದಲ್ಲಿದೆ. ಯಾವ ಪದದಲ್ಲಿ ಅಪಾಯವಿದೆ ಎಂಬುದೇ ತಿಳಿಯದವರಿಗೆ ಈ ಪಟ್ಟಿಯೇ ಒಳ್ಳೆಯ ಪ್ರವೇಶದ್ವಾರ. ಜೋಡಿಪದಗಳಿಗಾಗಿ ಈ ಪುಸ್ತಕವನ್ನು ಕೊಳ್ಳುವವರು ಮೊದಲು ಅಲ್ಲಿಗೆ ಹೋಗಿ, ಪರಿಚಿತವೆನಿಸಿದ ಒಂದು ಜೋಡಿಯನ್ನು ಆರಿಸಿಕೊಂಡು, ಅದರ ನಮೂದನ್ನು ತೆರೆದು ನೋಡುವುದು ಒಳ್ಳೆಯದು.

ಅಫೆಕ್ಟ್ ಮತ್ತು ಎಫೆಕ್ಟ್ ಎಂಬ ಕ್ರಿಯಾಪದಗಳ ನಮೂದನ್ನೇ ತೆಗೆದುಕೊಳ್ಳೋಣ. ಇವು ಸಮಾನಾರ್ಥಕಗಳಲ್ಲ, ಇವುಗಳ ಅರ್ಥ ಸಂಪೂರ್ಣ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಎಂದಿಗೂ ಬರಲಾರದು ಎಂದು ಫೌಲರ್ ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತಾರೆ. ಮೊದಲನೆಯದು ಪರಿಣಾಮ ಬೀರುವುದು, ಎರಡನೆಯದು ಸಾಧಿಸುವುದು ಅಥವಾ ಉಂಟುಮಾಡುವುದು. ಅಲ್ಲಿಗೇ ನಿಲ್ಲದೆ, ಎರಡು ಪದಗಳೂ ವ್ಯಾಕರಣದ ದೃಷ್ಟಿಯಿಂದ ಹೊಂದಿಕೊಳ್ಳುವ, ಆದರೆ ಅರ್ಥ ತಲೆಕೆಳಗಾಗುವ ಚಿಕ್ಕ ವಾಕ್ಯಗಳನ್ನು ಪಕ್ಕಪಕ್ಕದಲ್ಲಿ ಇಡುತ್ತಾರೆ. ಈ ಕ್ರಮ ಎಷ್ಟು ಉಪಯುಕ್ತವೆಂಬುದು ಅನುವಾದ ಮಾಡುವವರಿಗೆ ಕೂಡಲೇ ಗೊತ್ತಾಗುತ್ತದೆ. ಸರ್ಕಾರಿ ಆದೇಶವೊಂದರಲ್ಲಿ ‘ವರ್ಗಾವಣೆ’ಯ ಮುಂದೆ ಎಫೆಕ್ಟ್ ಎಂದಿದ್ದರೆ ವರ್ಗಾವಣೆಯನ್ನು ಜಾರಿಗೆ ತರಬೇಕೆಂದು ಅರ್ಥ. ಅಫೆಕ್ಟ್ ಎಂದಿದ್ದರೆ ಆಗಲೇ ನಡೆಯುತ್ತಿರುವ ವರ್ಗಾವಣೆಗೆ ಬೇರಾವುದೋ ಅಂಶ ಬಾಧಕವಾಗುತ್ತಿದೆ ಎಂದು ಅರ್ಥ. ಒಂದು ಅಕ್ಷರದ ವ್ಯತ್ಯಾಸದಲ್ಲಿ ನೌಕರನೊಬ್ಬ ಊರು ಬಿಡಬೇಕೋ ಇರಬೇಕೋ ಎಂಬುದು ಅಡಗಿರುವಾಗ, ಕನ್ನಡಕ್ಕೆ ತರುವವನು ಸಂದರ್ಭದಿಂದ ಊಹಿಸಿಕೊಳ್ಳಲಿ ಎಂದು ಬಿಡುವಂತಿಲ್ಲ.

ಕಂಟಿನ್ಯುಅಲ್ ಮತ್ತು ಕಂಟಿನ್ಯುಅಸ್ ನಡುವಿನ ಗೆರೆಯನ್ನು ಅವರು ಇನ್ನೂ ಸೂಕ್ಷ್ಮವಾಗಿ ಎಳೆಯುತ್ತಾರೆ. ಸದಾ ನಡೆಯುತ್ತಲೇ ಇರುವುದು ಅಥವಾ ಸ್ವಲ್ಪ ಸ್ವಲ್ಪ ಹೊತ್ತಿಗೆ ಮರುಕಳಿಸುತ್ತ ಕೊನೆಯೇ ಇಲ್ಲವೆನಿಸುವುದು ಕಂಟಿನ್ಯುಅಲ್. ಶುರುವಾದಲ್ಲಿಂದ ಮುಗಿಯುವವರೆಗೆ ನಡುವೆ ಎಲ್ಲಿಯೂ ಬಿಡುವಿಲ್ಲದ್ದು ಕಂಟಿನ್ಯುಅಸ್. ಅದು ಬಹುಕಾಲ ಇರಬೇಕೆಂಬ ನಿಯಮವಿಲ್ಲ. ಹೆಚ್ಚಿನ ಕೈಪಿಡಿಗಳು ಒಂದಕ್ಕೆ ‘ಬಿಟ್ಟು ಬಿಟ್ಟು’, ಇನ್ನೊಂದಕ್ಕೆ ‘ಬಿಡದೆ’ ಎಂದು ಹೇಳಿ ಮುಗಿಸುತ್ತವೆ. ಫೌಲರ್ ಗುರುತಿಸಿದ ಕೊನೆಯ ಅಂಶವನ್ನು, ಎಂದರೆ ಒಂದರಲ್ಲಿ ಕೊನೆ ಕಾಣಿಸುವುದೇ ಇಲ್ಲ, ಇನ್ನೊಂದರಲ್ಲಿ ಕೊನೆ ಹತ್ತಿರದಲ್ಲೇ ಇರಬಹುದು ಎಂಬುದನ್ನು, ಅವು ಕೈಬಿಡುತ್ತವೆ. ಆಗುಂಬೆಯ ಕಡೆಯ ಮಳೆಗಾಲವನ್ನು ಕಂಡವರಿಗೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ಆಷಾಢ ಪೂರ್ತಿ ಹೊಳವಾಗುತ್ತ, ಮತ್ತೆ ಕವಿಯುತ್ತ, ಮುಗಿಯುವ ಸೂಚನೆಯೇ ಇಲ್ಲದೆ ಹಿಡಿದ ಮಳೆ ಕಂಟಿನ್ಯುಅಲ್. ಮಧ್ಯಾಹ್ನ ಎರಡಕ್ಕೆ ಹಿಡಿದು ನಾಲ್ಕಕ್ಕೆ ನಿಲ್ಲುವವರೆಗೆ ಒಂದು ಕ್ಷಣವೂ ಬಿಡದೆ ಸುರಿದ ಮಳೆ ಕಂಟಿನ್ಯುಅಸ್. ಎರಡಕ್ಕೂ ನಾವು ‘ಒಂದೇ ಸಮನೆ ಮಳೆ’ ಎಂದು ಹೇಳಿಬಿಡುತ್ತೇವೆ. ಇಂಗ್ಲಿಷು ಹಾಗೆ ಹೇಳಲು ಬಿಡುವುದಿಲ್ಲ.

ಈ ಪುಸ್ತಕದ ಖ್ಯಾತಿ ಎಲ್ಲಿಯವರೆಗೆ ಹೋಗಿತ್ತೆಂಬುದಕ್ಕೆ ಜೋಡಿಪದವೊಂದೇ ಸಾಕ್ಷಿ. 1944ರಲ್ಲಿ ನಾರ್ಮಂಡಿ ದಾಳಿಯ ಸಿದ್ಧತೆ ನಡೆದಿದ್ದಾಗ, ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ತಮ್ಮ ಸೇನಾ ಬೇಹುಗಾರಿಕೆಯ ನಿರ್ದೇಶಕರಿಗೆ, ನೀವು ಇಲ್ಲಿ ಇಂಟೆನ್ಸಿವ್ ಎಂದೇಕೆ ಬರೆದಿರಿ, ಸರಿಯಾದ ಪದ ಇಂಟೆನ್ಸ್, ಈ ಎರಡು ಪದಗಳ ಬಗ್ಗೆ ಫೌಲರ್ ಏನು ಹೇಳಿದ್ದಾರೆಂದು ಓದಿ ನೋಡಿ ಎಂದು ಬರೆದಿದ್ದರು. ಆ ನಮೂದನ್ನು ತೆರೆದರೆ ಚರ್ಚಿಲ್ ಏಕೆ ಪಟ್ಟುಹಿಡಿದರೆಂಬುದು ತಿಳಿಯುತ್ತದೆ. ಇಂಟೆನ್ಸಿವ್ ಎಂಬುದು ಎಕ್ಸ್‌ಟೆನ್ಸಿವ್‌ಗೆ ಎದುರಾದ ಪಾರಿಭಾಷಿಕ ಪದ; ವಿಸ್ತಾರವನ್ನು ಹೆಚ್ಚಿಸದೆ ಇರುವಷ್ಟರಲ್ಲೇ ಶ್ರಮವನ್ನೋ ಬಲವನ್ನೋ ಕೇಂದ್ರೀಕರಿಸುವ ವಿಧಾನಕ್ಕೆ ಅದು ಹೆಸರು. ಒಂದೇ ಎಕರೆಯಲ್ಲಿ ಗೊಬ್ಬರ, ನೀರು, ಆಳುಗಳನ್ನು ಹೆಚ್ಚಿಸಿ ಇಳುವರಿ ತೆಗೆಯುವ ಬೇಸಾಯಕ್ಕೆ ಅದು ಸಲ್ಲುತ್ತದೆ. ಇಂಟೆನ್ಸ್ ಎಂಬುದು ತೀವ್ರತೆಯನ್ನು ಸೂಚಿಸುವ ಸಾಮಾನ್ಯ ವಿಶೇಷಣ. ನೋವು, ಬಿಸಿಲು, ದ್ವೇಷಗಳಿಗೆ ಅದು ಸಾಕು. ಬರೆಯುವವರು ಉದ್ದವಾಗಿದೆ ಎಂಬ ಒಂದೇ ಕಾರಣಕ್ಕೆ ಇಂಟೆನ್ಸಿವ್, ಡೆಫಿನಿಟಿವ್, ಆಲ್ಟರ್ನೇಟಿವ್‌ಗಳನ್ನು ಎತ್ತಿಕೊಳ್ಳುತ್ತಾರೆ ಎಂದು ಫೌಲರ್ ಅಲ್ಲಿಯೇ ದೂರುತ್ತಾರೆ. ನಮ್ಮ ಆಸ್ಪತ್ರೆಗಳ ತೀವ್ರ ನಿಗಾ ಘಟಕದ ಇಂಗ್ಲಿಷ್ ಹೆಸರಿನಲ್ಲಿ ಇಂಟೆನ್ಸಿವ್ ಇರುವುದು ಸರಿಯೇ. ಒಬ್ಬನೇ ರೋಗಿಯ ಮೇಲೆ ಆರೈಕೆಯನ್ನು ಕೇಂದ್ರೀಕರಿಸುವ ಪದ್ಧತಿ ಅದು. ಫೌಲರ್ ಕೊಟ್ಟ ವಿವರಣೆ ಅವರ ಕಾಲದ ನಂತರ ಹುಟ್ಟಿದ ಬಳಕೆಗೂ ಒಗ್ಗುತ್ತದೆ ಎಂಬುದು ಆ ವಿವರಣೆಯ ಗಟ್ಟಿತನವನ್ನು ತೋರಿಸುತ್ತದೆ.

ಇಂಥ ನೂರಾರು ನಮೂದುಗಳ ಹಿಂದೆ ಒಂದೇ ವಿಚಾರವಿದೆ, ಅದನ್ನು ಅವರು ‘ಡಿಫರೆನ್ಷಿಯೇಷನ್’ ಎಂಬ ಲೇಖನದಲ್ಲಿ ವಿವರಿಸಿದ್ದಾರೆ. ಒಂದೇ ಅರ್ಥಕ್ಕೆ ಎರಡು ಪದಗಳು ಬಳಕೆಯಲ್ಲಿರುವಾಗ, ಕಾಲಕ್ರಮದಲ್ಲಿ ಅವು ಅರ್ಥವನ್ನು ಹಂಚಿಕೊಂಡು ಬೇರೆಯಾಗುತ್ತವೆ. ಹಾಗೆ ಬೇರೆಯಾದಾಗ ಭಾಷೆಯ ಸಂಪತ್ತು ಹೆಚ್ಚುತ್ತದೆ. ಇಂಗ್ಲಿಷಿನಲ್ಲಿ ಹಿಟ್ಟು ಎಂಬರ್ಥದ ಫ್ಲೋರ್ ಮತ್ತು ಹೂವು ಎಂಬರ್ಥದ ಫ್ಲವರ್ ಹಿಂದೆ ಒಂದೇ ಪದವಾಗಿದ್ದವು. ಮನುಷ್ಯಸಂಬಂಧಿ ಎಂಬ ಹ್ಯೂಮನ್‌ನಿಂದ ಕರುಣೆಯುಳ್ಳ ಎಂಬ ಹ್ಯೂಮೇನ್, ನಗರಸಂಬಂಧಿ ಎಂಬ ಅರ್ಬನ್‌ನಿಂದ ನಯನಾಜೂಕಿನ ಎಂಬ ಅರ್ಬೇನ್ ಬೇರ್ಪಟ್ಟದ್ದೂ ಹೀಗೆಯೇ. ಫೌಲರ್ ಅವರ ಆತಂಕವೇನೆಂದರೆ, ಹೀಗೆ ಶತಮಾನಗಳ ಶ್ರಮದಿಂದ ದೊರೆತ ವ್ಯತ್ಯಾಸವನ್ನು ಅಜಾಗರೂಕ ಬರವಣಿಗೆ ಒಂದೆರಡು ತಲೆಮಾರಿನಲ್ಲಿ ಅಳಿಸಿಹಾಕಬಲ್ಲದು. ಅವರ ಮಟ್ಟಿಗೆ ಪದಪ್ರಯೋಗದ ತಪ್ಪು ಕೇವಲ ಶಿಷ್ಟಾಚಾರದ ಲೋಪವಾಗಿರಲಿಲ್ಲ. ಮುಂದಿನವರ ಕೈಯಲ್ಲಿ ಉಳಿಯಬೇಕಾದ ಒಂದು ಉಪಕರಣವನ್ನು ಮೊಂಡು ಮಾಡಿದಂತಾಗಿತ್ತು. ಈ ಪುಸ್ತಕವನ್ನು ಇಂದಿಗೂ ಓದಬೇಕೆಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ. ಅದರ ತೀರ್ಪುಗಳಲ್ಲಿ ಹಲವು ಹಳತಾಗಿವೆ, ಆದರೆ ಎರಡು ಪದಗಳ ನಡುವಿನ ಅಂತರವನ್ನು ಅಳೆಯುವ ವಿಧಾನ ಹಳತಾಗಿಲ್ಲ.

ತೀರ್ಪುಗಳ ಸಂಗತಿಗೆ ಬಂದರೆ, ಯಾವುವು ನಿಂತಿವೆ, ಯಾವುವು ಬಿದ್ದಿವೆ ಎಂಬುದನ್ನು ತಿಳಿಯದೆ ಈ ಪುಸ್ತಕವನ್ನು ನೆಚ್ಚುವಂತಿಲ್ಲ. ಲಕ್ಸೂರಿಯಂಟ್ ಎಂದರೆ ಸೊಂಪಾಗಿ ಬೆಳೆದದ್ದು, ಲಕ್ಸೂರಿಯಸ್ ಎಂದರೆ ಭೋಗಕ್ಕೆ ಸಂಬಂಧಿಸಿದ್ದು ಎಂಬ ಭೇದ ಇಂದಿಗೂ ನಿಂತಿದೆ. ಪಶ್ಚಿಮ ಘಟ್ಟದ ಕಾಡಿಗೆ ಮೊದಲನೆಯದು, ಆ ಕಾಡಿನ ಅಂಚಿನ ರೆಸಾರ್ಟಿಗೆ ಎರಡನೆಯದು. ಆದರೆ ಮಾಸ್ಟರ್‌ಲಿ ಎಂದರೆ ನಿಪುಣ, ಮಾಸ್ಟರ್‌ಫುಲ್ ಎಂದರೆ ಇತರರನ್ನು ತನ್ನ ಅಂಕೆಯಲ್ಲಿಡುವ ಸ್ವಭಾವದ ಎಂದು ಫೌಲರ್ ಎಳೆದ ಗೆರೆಯನ್ನು ಇಂಗ್ಲಿಷರೇ ದಾಟಿಯಾಯಿತು. ಇಂದು ಸಂಗೀತ ಕಛೇರಿಯ ವರದಿಯಲ್ಲಿ ಮಾಸ್ಟರ್‌ಫುಲ್ ಎಂದಿದ್ದರೆ ಕಲಾವಿದರ ಪ್ರೌಢಿಮೆಯನ್ನು ಮೆಚ್ಚಿದ್ದಾರೆಂದೇ ತಿಳಿಯಬೇಕು. ಡೆಪ್ರಿಕೇಟ್ ಎಂದರೆ ಅಸಮ್ಮತಿ ಸೂಚಿಸುವುದು, ಡಿಪ್ರಿಶಿಯೇಟ್ ಎಂದರೆ ಬೆಲೆ ಕುಗ್ಗಿಸುವುದು ಎಂಬ ಭೇದವೂ ಅರ್ಧ ಕುಸಿದಿದೆ. ತನ್ನನ್ನು ತಾನೇ ಕಡಿಮೆ ಮಾಡಿ ಹೇಳಿಕೊಳ್ಳುವ ಗುಣಕ್ಕೆ ಎರಡನೆಯ ಪದದಿಂದ ಹುಟ್ಟಬೇಕಾಗಿದ್ದ ಸಮಾಸದ ಜಾಗವನ್ನು ಮೊದಲನೆಯದರಿಂದ ಹುಟ್ಟಿದ ‘ಸೆಲ್ಫ್-ಡೆಪ್ರಿಕೇಟಿಂಗ್’ ಆಕ್ರಮಿಸಿಕೊಂಡಿದೆ, ಹಾಗೆ ಬರೆದರೆ ಈಗ ಯಾರೂ ತಪ್ಪೆನ್ನುವುದಿಲ್ಲ.

ಆಲ್ಟರ್ನೇಟ್ ಮತ್ತು ಆಲ್ಟರ್ನೇಟಿವ್ ಜೋಡಿಯ ಸ್ಥಿತಿ ನಮ್ಮಲ್ಲಿ ಇನ್ನೂ ಕುತೂಹಲಕರ. ಬ್ರಿಟನ್ನಿನ ಎಚ್ಚರದ ಬರವಣಿಗೆಯಲ್ಲಿ ಮೊದಲನೆಯದು ಒಂದು ಬಿಟ್ಟು ಒಂದು ಎಂಬರ್ಥಕ್ಕೆ, ಎರಡನೆಯದು ಪರ್ಯಾಯ ಎಂಬರ್ಥಕ್ಕೆ ಮೀಸಲು. ಅಮೆರಿಕದಲ್ಲಿ ಮೊದಲನೆಯದು ಪರ್ಯಾಯಕ್ಕೂ ಸಲ್ಲುತ್ತದೆ. ಭಾರತದ ಇಂಗ್ಲಿಷಿನಲ್ಲಿ ಎರಡು ರೂಢಿಗಳೂ ಬೆರೆತಿರುವುದರಿಂದ, ದಿನ ಬಿಟ್ಟು ದಿನ ನೀರು ಬಿಡುವ ಪ್ರಕಟಣೆಯಲ್ಲೂ ಆಲ್ಟರ್ನೇಟ್, ಬದಲಿ ರಸ್ತೆ ಸೂಚಿಸುವ ಫಲಕದಲ್ಲೂ ಆಲ್ಟರ್ನೇಟ್. ಎರಡನೆಯ ಕಡೆ ಆಲ್ಟರ್ನೇಟಿವ್ ಎಂದು ಬರೆದರೆ ಯಾವ ದೇಶದ ಓದುಗನಿಗೂ ಅನುಮಾನ ಉಳಿಯುವುದಿಲ್ಲ, ಆದ್ದರಿಂದ ಈ ಒಂದು ವಿಷಯದಲ್ಲಿ ಫೌಲರ್ ಮಾತನ್ನು ಕೇಳುವುದೇ ಲೇಸೆಂದು ನನ್ನ ಅಭಿಪ್ರಾಯ.

ದ್ಯಾಟ್ ಮತ್ತು ವಿಚ್ ಕುರಿತ ಅವರ ಸಲಹೆ ಬೇರೆ ರೀತಿಯದು. ಇಲ್ಲಿ ಅವರು ಇದ್ದ ಭೇದವನ್ನು ಕಾಪಾಡಲು ಹೊರಟವರಲ್ಲ, ಇಲ್ಲದ ಭೇದವನ್ನು ತರಲು ಬಯಸಿದವರು. ಯಾವುದೆಂದು ಗುರುತಿಸಿಕೊಡುವ ಉಪವಾಕ್ಯಕ್ಕೆ ದ್ಯಾಟ್, ಬರಿಯ ಹೆಚ್ಚುವರಿ ಮಾಹಿತಿ ಕೊಡುವ ಉಪವಾಕ್ಯಕ್ಕೆ ವಿಚ್ ಎಂದು ಹಂಚಿಕೊಂಡರೆ ಸ್ಪಷ್ಟತೆ ಹೆಚ್ಚುತ್ತದೆ ಎಂಬುದು ಅವರ ವಾದ. ಹೆಚ್ಚಿನ ಲೇಖಕರಾಗಲಿ ಅತ್ಯುತ್ತಮ ಲೇಖಕರಾಗಲಿ ಹೀಗೆ ಬರೆಯುತ್ತಿದ್ದಾರೆ ಎಂದು ತೋರಿಸಿಕೊಳ್ಳುವುದು ವ್ಯರ್ಥ ಎಂದೂ ಅವರೇ ಒಪ್ಪಿಕೊಂಡಿದ್ದಾರೆ. ಅಮೆರಿಕದ ಪ್ರಕಾಶನ ಸಂಸ್ಥೆಗಳಲ್ಲಿ ಈ ಸಲಹೆ ನಿಯಮವಾಗಿ ಬೆಳೆಯಿತು. ಬ್ರಿಟನ್ನಿನಲ್ಲಿ ಸಲಹೆಯಾಗಿಯೇ ಉಳಿಯಿತು. ಕನ್ನಡಿಗರಿಗೆ ಈ ನಮೂದು ವಿಶೇಷವಾಗಿ ಓದಬೇಕಾದದ್ದು, ಏಕೆಂದರೆ ನಮ್ಮ ಕೃದಂತ ರಚನೆ ಈ ಭೇದವನ್ನು ತೋರಿಸುವುದಿಲ್ಲ. ‘ಕೆರೆಯಂಚಿನಲ್ಲಿದ್ದ ಮಾವಿನ ಮರಗಳನ್ನು ಕಡಿದರು’ ಎಂಬ ವಾಕ್ಯದಲ್ಲಿ, ಹಲವು ಮಾವಿನ ಮರಗಳ ಪೈಕಿ ಕೆರೆಯಂಚಿನವನ್ನು ಮಾತ್ರ ಕಡಿದರೋ, ಅಥವಾ ಇದ್ದ ಮಾವಿನ ಮರಗಳೆಲ್ಲ ಕೆರೆಯಂಚಿನಲ್ಲೇ ಇದ್ದು ಅಷ್ಟನ್ನೂ ಕಡಿದರೋ ಎಂಬುದು ಸಂದರ್ಭದಿಂದಷ್ಟೇ ತಿಳಿಯಬೇಕು. ಅದನ್ನು ಇಂಗ್ಲಿಷಿಗೆ ತರುವಾಗ ಆಯ್ಕೆ ಮಾಡಲೇಬೇಕಾಗುತ್ತದೆ. ವಿಚ್ ಜೊತೆಗೆ ಅಲ್ಪವಿರಾಮ ಬಿದ್ದರೆ ಒಂದು ಮರವೂ ಉಳಿಯಲಿಲ್ಲ ಎಂದಾಗುತ್ತದೆ. ಪರಿಸರದ ಮೊಕದ್ದಮೆಯ ಕಾಗದಪತ್ರದಲ್ಲಿ ಈ ಅಲ್ಪವಿರಾಮ ಎಷ್ಟು ಭಾರವಾದೀತೆಂದು ಯೋಚಿಸಿದರೆ, ಫೌಲರ್ ಈ ವಿಷಯಕ್ಕೆ ಪುಟಗಟ್ಟಲೆ ಕೊಟ್ಟದ್ದು ಅತಿಯೆನಿಸುವುದಿಲ್ಲ.

ಪುಸ್ತಕದ ದೋಷಗಳನ್ನೂ ನೇರವಾಗಿ ಹೇಳಬೇಕು. ಅಗ್ರವೇಟ್ ಎಂಬ ಪದಕ್ಕೆ ಕಿರಿಕಿರಿ ಉಂಟುಮಾಡು ಎಂಬರ್ಥವನ್ನು ಕೊಡುವುದನ್ನು ಅವಿದ್ಯಾವಂತರಿಗೆ ಬಿಟ್ಟುಬಿಡಬೇಕು ಎಂದೂ, ಅದು ಬಹುಮಟ್ಟಿಗೆ ಹೆಂಗಸರ ಅಥವಾ ಮಕ್ಕಳ ಆಡುಮಾತು ಎಂದೂ ಫೌಲರ್ ಬರೆಯುತ್ತಾರೆ. ಪದವನ್ನು ಅಳೆಯಲು ಹೊರಟವರು ಇಲ್ಲಿ ಆಡುವವರನ್ನು ಅಳೆದಿದ್ದಾರೆ. ಆ ಅರ್ಥ ಅವರಿಗಿಂತ ಶತಮಾನಗಳ ಹಿಂದಿನಿಂದ ಇಂಗ್ಲಿಷಿನಲ್ಲಿದೆ, ಇಂದು ಅದು ಎಲ್ಲ ನಿಘಂಟುಗಳಲ್ಲೂ ಸೇರಿದೆ. ಶಲ್ ಮತ್ತು ವಿಲ್ ಕುರಿತ ದೀರ್ಘ ಚರ್ಚೆಯಲ್ಲೂ ದಕ್ಷಿಣ ಇಂಗ್ಲೆಂಡಿನ ವಿದ್ಯಾವಂತರ ರೂಢಿಯೇ ಅವರಿಗೆ ಪ್ರಮಾಣ. ಸ್ಕಾಟರು, ಐರಿಷರು, ಅಮೆರಿಕನ್ನರು ಆ ಅಳತೆಗೆ ಕಡಿಮೆಯವರಾಗಿ ಕಾಣುತ್ತಾರೆ. ಭಾಷೆಯೊಂದು ತನ್ನ ಪ್ರದೇಶದಾಚೆಗೆ ಹರಡಿದ ಮೇಲೆ ಅದರ ಪ್ರಮಾಣ ಒಂದೇ ಊರಿನಲ್ಲಿ ಉಳಿಯಲಾರದು ಎಂಬುದು ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡವನ್ನು ಕೇಳಿ ಬೆಳೆದ ನಮಗೆ ಹೇಳಿಸಿಕೊಳ್ಳಬೇಕಾದ ಸಂಗತಿಯಲ್ಲ.

ಕ್ರಿಸ್ಟಲ್ ಅವರ ಕೆಲಸ ಬೆಲೆಬಾಳುವುದು ಇಲ್ಲಿಯೇ. ಮೂಲ ಪಠ್ಯವನ್ನು ಒಂದಕ್ಷರವೂ ಬದಲಿಸದೆ ಇಟ್ಟು, ಕೊನೆಯಲ್ಲಿ ಮುನ್ನೂರರ ಹತ್ತಿರದಷ್ಟು ನಮೂದುಗಳಿಗೆ ಇಂದಿನ ದೃಷ್ಟಿಯ ಟಿಪ್ಪಣಿ ಸೇರಿಸಿದ್ದಾರೆ. ಫೌಲರ್ ಅವರಲ್ಲಿ ಆಜ್ಞೆ ಮಾಡುವ ಮೇಷ್ಟರೂ ಇದ್ದಾರೆ, ಬಳಕೆಯನ್ನು ಸಾವಧಾನದಿಂದ ಗಮನಿಸುವ ವಿದ್ವಾಂಸರೂ ಇದ್ದಾರೆ, ಒಂದೇ ಪುಟದಲ್ಲಿ ಇಬ್ಬರೂ ಮಾತಾಡುವುದುಂಟು ಎಂಬುದನ್ನು ಅವರ ಪ್ರಸ್ತಾವನೆ ಉದಾಹರಣೆಗಳ ಸಹಿತ ತೋರಿಸುತ್ತದೆ. ಭಕ್ತಿಯಿಲ್ಲದೆ, ತಿರಸ್ಕಾರವೂ ಇಲ್ಲದೆ ಹಿರಿಯರೊಬ್ಬರ ಕೃತಿಯನ್ನು ಪರಿಶೀಲಿಸುವುದು ಹೇಗೆಂಬುದಕ್ಕೆ ಆ ಪ್ರಸ್ತಾವನೆಯೇ ಮಾದರಿ.

ಬಳಸುವ ಅನುಕೂಲದ ವಿಷಯದಲ್ಲಿ ಪುಸ್ತಕ ಸುಲಭವಲ್ಲ. ಹಳೆಯ ಪುಟಗಳನ್ನೇ ಯಥಾವತ್ತಾಗಿ ಅಚ್ಚು ಮಾಡಿರುವುದರಿಂದ ಎರಡು ಅಂಕಣಗಳ ಸಣ್ಣ ಅಕ್ಷರವನ್ನು ಓದಬೇಕಾಗುತ್ತದೆ. ಲೇಖನಗಳ ಶೀರ್ಷಿಕೆಗಳು ಬಹುಪಾಲು ಫೌಲರ್ ತಾವೇ ಕಟ್ಟಿದ ಹೆಸರುಗಳಾದ್ದರಿಂದ, ಒಂದು ಪದದ ಅರ್ಥವನ್ನು ಲಂಗುಲಗಾಮಿಲ್ಲದೆ ಹಿಗ್ಗಿಸುವುದರ ಬಗ್ಗೆ ಓದಬೇಕೆಂದವರು ‘ಸ್ಲಿಪ್‌ಶಾಡ್ ಎಕ್ಸ್‌ಟೆನ್ಷನ್’ ಎಂದು ಹುಡುಕಬೇಕೆಂದು ಊಹಿಸಲಾರರು. ಸರ್ ಅರ್ನೆಸ್ಟ್ ಗವರ್ಸ್ 1965ರಲ್ಲಿ ಪರಿಷ್ಕರಿಸಿದ ಎರಡನೆಯ ಆವೃತ್ತಿಯಲ್ಲಿ ಈ ತೊಂದರೆ ನೀಗಿಸುವ ವಿಷಯಾನುಕ್ರಮ ಮಾರ್ಗದರ್ಶಿಯನ್ನು ಸೇರಿಸಲಾಗಿತ್ತು. ಮೊದಲ ಆವೃತ್ತಿಯ ಮರುಮುದ್ರಣದಲ್ಲಿ ಸಹಜವಾಗಿಯೇ ಅದಿಲ್ಲ.

ಇನ್ನು, ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿಗೆ ಬಂದವರನ್ನು ನಿಜವಾಗಿ ಎಡವಿಸುವ ಪದಗಳು ಬೇರೆಯೇ. ನಮ್ಮ ‘ಕೇಳು’ ಒಂದರಲ್ಲೇ ಹಿಯರ್, ಲಿಸನ್, ಆಸ್ಕ್ ಮೂರೂ ಅಡಗಿವೆ. ‘ನೋಡು’ ಎಂಬುದರಲ್ಲಿ ಸೀ, ಲುಕ್, ವಾಚ್ ಇವೆ. ‘ಹೇಳು’ ಎಂಬುದರಲ್ಲಿ ಸೇ ಮತ್ತು ಟೆಲ್ ಇವೆ. ಫೌಲರ್ ಬರೆದದ್ದು ಇಂಗ್ಲಿಷನ್ನು ತಾಯಿನುಡಿಯಾಗಿ ಕಲಿತು, ಪತ್ರಿಕೆಗೆ ಬರೆಯುವಷ್ಟು ಬೆಳೆದವರಿಗೆ. ಕಲಿಯುವ ಹಂತದಲ್ಲಿರುವ ವಿದ್ಯಾರ್ಥಿಯ ಕೈಗೆ ಇದನ್ನು ಕೊಟ್ಟರೆ ಅವನಿಗೆ ಭಯವಷ್ಟೇ ಬೆಳೆದೀತು. ಅಂಥವರಿಗೆ ಪರಭಾಷಿಕರನ್ನು ಗಮನದಲ್ಲಿಟ್ಟು ಬರೆದ ಕಲಿಕೆಯ ನಿಘಂಟು ಬೇಕು. ಕನ್ನಡದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳನ್ನೇ ಹಿಡಿದು ಪದಗಳ ಸಾಧುತ್ವವನ್ನೂ ಅರ್ಥವನ್ನೂ ವರ್ಷಾನುಗಟ್ಟಲೆ ತಿಳಿಸಿಕೊಟ್ಟರು. ಕನ್ನಡಿಗರು ಇಂಗ್ಲಿಷಿನಲ್ಲಿ ಕೇಳುವ ಪ್ರಶ್ನೆಗಳಿಂದಲೇ ಹುಟ್ಟಿದ, ಅಷ್ಟೇ ಸೌಜನ್ಯದ ಬಳಕೆಯ ಕೋಶವೊಂದು ಬರಬೇಕೆಂಬುದು ಈ ಪುಸ್ತಕವನ್ನು ತೆರೆದಾಗಲೆಲ್ಲ ನನ್ನಲ್ಲಿ ಏಳುವ ಆಸೆ.

ಕೊಳ್ಳುವವರು ಆವೃತ್ತಿಯನ್ನು ನೋಡಿ ಕೊಳ್ಳಬೇಕು, ಏಕೆಂದರೆ ಫೌಲರ್ ಹೆಸರಿನಲ್ಲಿ ಮಾರಾಟವಾಗುವ ಪುಸ್ತಕಗಳು ಒಂದೇ ಅಲ್ಲ. 1996ರಲ್ಲಿ ಆರ್. ಡಬ್ಲ್ಯೂ. ಬರ್ಚ್‌ಫೀಲ್ಡ್ ಸಿದ್ಧಪಡಿಸಿದ ಮೂರನೆಯ ಆವೃತ್ತಿ ಬಹುಮಟ್ಟಿಗೆ ಹೊಸದಾಗಿ ಬರೆದ ಗ್ರಂಥ, ಫೌಲರ್ ಅವರ ದನಿಯನ್ನು ಅದರಲ್ಲಿ ಹುಡುಕಬಾರದು. ಜೆರೆಮಿ ಬಟರ್‌ಫೀಲ್ಡ್ ಅವರ 2015ರ ನಾಲ್ಕನೆಯ ಆವೃತ್ತಿ ಇಂದಿನ ಬಳಕೆಗೆ ಹತ್ತಿರವಾದದ್ದು. ದಿನನಿತ್ಯದ ಅನುಮಾನಕ್ಕೆ ಬೇಗನೆ ಉತ್ತರ ಬೇಕಾದ ಪತ್ರಕರ್ತರು, ವಕೀಲರು, ಕಚೇರಿಯವರು ಅದನ್ನೇ ಕೊಳ್ಳಲಿ. ಪದಗಳ ಅಂತರವನ್ನು ಅಳೆಯುವ ಬುದ್ಧಿಯ ಕಸರತ್ತಿನಲ್ಲಿ ಸಂತೋಷಪಡುವ ಅನುವಾದಕರು, ಅಧ್ಯಾಪಕರು ಕ್ರಿಸ್ಟಲ್ ಸಂಪಾದಿಸಿದ ಮೊದಲ ಆವೃತ್ತಿಯನ್ನು ಆರಿಸಿಕೊಳ್ಳಬಹುದು. ಫೌಲರ್ 1933ರಲ್ಲಿ ತೀರಿಕೊಂಡದ್ದರಿಂದ ಅವರ ಮೂಲ ಪಠ್ಯದ ಹಕ್ಕುಸ್ವಾಮ್ಯ ಭಾರತದಲ್ಲಿ ಮುಗಿದಿದೆ. ಹಳೆಯ ಪ್ರತಿಯ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಹಣ ಹಾಕುವ ಮುನ್ನ ಅಲ್ಲಿ ‘ಪೇರ್ಸ್ ಅಂಡ್ ಸ್ನೇರ್ಸ್’ ಪಟ್ಟಿಯನ್ನೂ ಅದರಿಂದ ಆರಿಸಿದ ಒಂದೆರಡು ನಮೂದುಗಳನ್ನೂ ಓದಿ ನೋಡಿದರೆ, ಈ ಲೇಖಕರ ಜೊತೆ ತಮಗೆ ಹೊಂದುತ್ತದೆಯೇ ಇಲ್ಲವೇ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಕ್ರಿಸ್ಟಲ್ ಅವರ ಟಿಪ್ಪಣಿಗಳು ಮಾತ್ರ ಆ ಸ್ಕ್ಯಾನಿನಲ್ಲಿ ಇರುವುದಿಲ್ಲ, ಅವುಗಳಿಗಾಗಿ ಅಚ್ಚಿನ ಪ್ರತಿಯನ್ನು ಕೊಳ್ಳಲೇಬೇಕು.